ನನ್ನ ತಮ್ಮನ ಆತ್ಮದ ಬಗ್ಗೆ ಲಿಖಿತ ಉತ್ತರ ಬೇಕು

ಧರ್ಮಪ್ರಾಂತದ ದಾಖಲೆಗಳ ಹೊಣೆ ಹೊತ್ತಿರುವ ಮಾನ್ಯ ಗುರುಗಳೇ,

ಹೋದ ವರ್ಷ ಜುಲೈ ತಿಂಗಳಲ್ಲಿ ನಾನು ನಿಮ್ಮ ಕಚೇರಿಗೆ ಒಂದು ಸುಳ್ಳು ಕಾಗದ ಕಳುಹಿಸಿದೆ. ನೀವು ಅದನ್ನು ಅರ್ಧ ಗಂಟೆಯೊಳಗೆ ಒಪ್ಪಿಕೊಂಡಿರಿ. ಅದು ಸುಳ್ಳೆಂದು ಆಮೇಲೆ ಎರಡು ಸಲ ಬರೆದು ತಿಳಿಸಿದೆ. ಆ ಸತ್ಯವನ್ನು ಮಾತ್ರ ನೀವು ಐದು ತಿಂಗಳಿಂದ ಒಪ್ಪಿಕೊಳ್ಳುತ್ತಿಲ್ಲ. ಹೀಗಾಗಿ ನನ್ನ ಒಡಹುಟ್ಟಿದ ತಮ್ಮ ನಿಮ್ಮ ಪುಸ್ತಕದಲ್ಲಿ ಕಥೋಲಿಕ ಸಭೆಯ ಒಳಗಿದ್ದಾನೆ, ತನ್ನ ಮನಸ್ಸಿನಲ್ಲಿ ಹೊರಗಿದ್ದಾನೆ. ದೇವರು ಇವೆರಡರಲ್ಲಿ ಯಾವುದನ್ನು ಓದುತ್ತಾನೆ?

ಧೈರ್ಯ ಇದ್ದುದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ನಾನು ನಿಮಗೆ ಹೆದರುತ್ತೇನೆ. ನನ್ನ ಮೇಲಧಿಕಾರಿಗಳಿಗೆ ಹೆದರುತ್ತೇನೆ; ಸರಕಾರಿ ನೌಕರಿಯಲ್ಲಿರುವವಳು ಖೊಟ್ಟಿ ಸಹಿ ಹಾಕಿದೆನೆಂದು ಅಚ್ಚಿನಲ್ಲಿ ಹೇಳಿಕೊಂಡರೆ ಏನಾಗಬಹುದೆಂದು ನನಗೆ ತಿಳಿದಿದೆ. ಎಲ್ಲಕ್ಕಿಂತ ಹೆಚ್ಚಾಗಿ ನರಕಕ್ಕೆ ಹೆದರುತ್ತೇನೆ. ನಗುವವರು ನಗಲಿ. ನಲವತ್ತೇಳು ವರ್ಷದ ಹೆಂಗಸು, ದಿನವೂ ಕೊಚ್ಚಿಯ ಎಡಪ್ಪಳ್ಳಿಯಿಂದ ಬಸ್ಸು ಹಿಡಿದು, ಬೋಟು ಹತ್ತಿ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಕಚೇರಿಗೆ ಹೋಗಿ ಹಡಗಿನ ಕಾಗದಗಳನ್ನು ತಾಳೆ ನೋಡುವವಳು, ಬೆಂಕಿಯ ಕೆರೆಗೆ ಹೆದರುತ್ತಾಳೆ. ಆ ಹೆದರಿಕೆಯನ್ನು ನನಗೆ ಕಲಿಸಿದವರು ನೀವೇ ಅಲ್ಲವೇ?

ನಮ್ಮದು ಕಾಸರಗೋಡಿನ ಕಡೆಯ ಒಂದು ಸಣ್ಣ ಇಗರ್ಜಿ. ಪ್ರತಿ ಭಾನುವಾರ ಪೂಜೆಯ ನಂತರ ಮಕ್ಕಳನ್ನು ಸಾಲಾಗಿ ಕೂರಿಸಿ ಧರ್ಮೋಪದೇಶ ಹೇಳಿಕೊಡುತ್ತಿದ್ದರು. ಸಭೆಯನ್ನು ಅರಿಯದೆ ಹೊರಗಿರುವವರಿಗೆ ದೇವರು ದಾರಿ ತೋರಿಸಿಯಾನು. ಅರಿತೂ ಬಿಟ್ಟು ಹೋಗುವವರಿಗೆ ರಕ್ಷಣೆಯಿಲ್ಲ. ಇದನ್ನು ನಾನು ಮಗ್ಗಿಯಂತೆ ಕಲಿತೆ. ನನಗೆ ಹದಿನೈದು ತುಂಬಿದ ವರ್ಷ ನನ್ನ ತಮ್ಮ ಅಲ್ವಿನ್ ಹುಟ್ಟಿದ. ಅವನ ದೀಕ್ಷಾಸ್ನಾನಕ್ಕೆ ಜ್ಞಾನತಾಯಿಯಾಗಿ ನಿಂತವಳು ನಾನು. ‘ನಂಬುತ್ತೀಯಾ?’ ಎಂದು ಗುರುಗಳು ಮಗುವನ್ನು ಕೇಳಿದಾಗ, ತೋಳಿನಲ್ಲಿ ನಿದ್ದೆ ಹೋಗಿದ್ದ ಅದರ ಪರವಾಗಿ ‘ನಂಬುತ್ತೇನೆ’ ಎಂದು ಉತ್ತರ ಕೊಟ್ಟೆ. ಅದು ಸಂದಿತು. ಯಾರೂ ಮಗುವಿನ ಸಹಿ ಕೇಳಲಿಲ್ಲ.

ಅಲ್ವಿನ್ ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಪುತ್ತೂರಿನ ಕಡೆಯ ವಾಸಂತಿಯ ಪರಿಚಯವಾಯಿತು. ಅವಳು ಅದೇ ಊರಿನ ಪಟ್ಟಂನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಇಬ್ಬರೂ ಮದುವೆಯಾಗಲು ನಿರ್ಧರಿಸಿದಾಗ ನಾನು ಬೇಡಿಕೊಂಡೆ: ಇಗರ್ಜಿಯಲ್ಲೇ ಆಗಲಿ, ಅನ್ಯಧರ್ಮೀಯರ ಜೊತೆಗಿನ ಮದುವೆಗೂ ಅನುಮತಿ ಸಿಗುತ್ತದೆ, ಮಕ್ಕಳನ್ನು ಕಥೋಲಿಕರಾಗಿ ಬೆಳೆಸುತ್ತೇನೆಂದು ನೀನೊಂದು ಕಾಗದ ಬರೆದುಕೊಟ್ಟರೆ ಸಾಕು ಎಂದೆ.

“ಬರೆದುಕೊಡ್ಲಿಕ್ಕೆ ಎಂತ ಕಷ್ಟ ಇಲ್ಲ ಅಕ್ಕ,” ಎಂದ ಅವನು. “ಆದ್ರೆ ನಂಗೆ ನಂಬಿಕೆ ಹೋಗಿ ಏಳು ವರ್ಷ ಆಯ್ತು. ನಂಬದ್ದನ್ನು ದೇವರ ಹೆಸರಲ್ಲಿ ಬರೆದುಕೊಡುದು ಸರಿಯಾ? ನೀನೇ ಹೇಳು, ಅದು ಪಾಪ ಅಲ್ವಾ?”

ಪಾಪವೇ. ಅವರು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು. ಅಲ್ಲಿಗೆ ಬಿಟ್ಟಿದ್ದರೆ ಅವನೂ ಸಾವಿರಾರು ಜನರಂತೆ ಹೆಸರಿಗೆ ಕಥೋಲಿಕನಾಗಿ, ಕ್ರಿಸ್ಮಸ್ಸಿಗೆ ಮಾತ್ರ ಇಗರ್ಜಿಯ ಮೆಟ್ಟಿಲು ಹತ್ತುತ್ತಾ ಇದ್ದುಬಿಡಬಹುದಿತ್ತು. ಅಂಥವರ ಬಗ್ಗೆ ನಿಮ್ಮ ತಕರಾರು ಇಲ್ಲ. ಆದರೆ ನನ್ನ ತಮ್ಮನಿಗೆ ಪ್ರಾಮಾಣಿಕತೆಯ ರೋಗ. ತಾನು ಸಭೆಯನ್ನು ಬಿಟ್ಟಿದ್ದೇನೆ, ದೀಕ್ಷಾಸ್ನಾನದ ಪುಸ್ತಕದಲ್ಲಿ ಹಾಗೆಂದು ಬರೆದುಕೊಳ್ಳಿ ಎಂದು ನಿಮಗೆ ಪತ್ರ ಹಾಕಿದ. ನೀವು ಬರೆದುಕೊಂಡಿರಿ. ‘ಇನ್ನು ಮುಂದೆ ತಮ್ಮ ಆತ್ಮದ ರಕ್ಷಣೆಗೆ ತಾವೇ ಹೊಣೆ’ ಎಂದು ಉತ್ತರವನ್ನೂ ಬರೆದಿರಿ. ರೈಲು ನಿಲ್ದಾಣದಲ್ಲಿ ‘ನಿಮ್ಮ ಸಾಮಾನಿಗೆ ನೀವೇ ಹೊಣೆ’ ಎಂದು ಬರೆದಿರುತ್ತಾರಲ್ಲ, ಹಾಗೆ.

ನನ್ನ ಹೆದರಿಕೆ ಶುರುವಾದದ್ದು ಆ ದಿನ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವಳು ಜುಬೈದಾ. ಅವಳನ್ನು ನೋಡಿದಾಗೆಲ್ಲ ಲೆಕ್ಕ ಹಾಕುತ್ತಿದ್ದೆ: ಇವಳು ಅರಿಯದೆ ಹೊರಗಿರುವವಳು, ಇವಳಿಗೆ ದಾರಿಯುಂಟು. ವಾಸಂತಿಗೂ ಉಂಟು. ನಾನು ಎತ್ತಿಕೊಂಡು ನೀರು ಹಾಕಿಸಿದ ಮಗುವಿಗೆ ಮಾತ್ರ ಇಲ್ಲ. ಹಾಗಾದರೆ ಅವನನ್ನು ಇಗರ್ಜಿಗೆ ಒಯ್ಯದೇ ಇದ್ದಿದ್ದರೆ ಒಳ್ಳೆಯದಿತ್ತೇ?

ಹೋದ ವರ್ಷ ಜುಲೈಯಲ್ಲಿ ಒಂದು ಮಂಗಳವಾರ ಬೆಳಿಗ್ಗೆ ವಾಸಂತಿ ಫೋನ್ ಮಾಡಿದಳು. ಅಲ್ವಿನ್‌ಗೆ ಇಲಿಜ್ವರ, ಮೂತ್ರಪಿಂಡ ಕೆಲಸ ನಿಲ್ಲಿಸಿದೆ, ಉಸಿರಾಟಕ್ಕೆ ಯಂತ್ರ ಹಾಕಿದ್ದಾರೆ, ಎಚ್ಚರವಿಲ್ಲ ಎಂದಳು. ನಾನು ಉಟ್ಟ ಸೀರೆಯಲ್ಲೇ ಎರ್ನಾಕುಲಂ ಸೌತಿನಿಂದ ರೈಲು ಹತ್ತಿದೆ. ಐದು ತಾಸಿನ ದಾರಿಯಲ್ಲಿ ಒಂದು ಸಲವೂ ‘ದೇವರೇ, ಅವನನ್ನು ಬದುಕಿಸು’ ಎಂದು ಪ್ರಾರ್ಥಿಸಲಿಲ್ಲ. ‘ಗುರುಗಳು ಬಂದು ಪಾಪ ಕಳೆಯುವ ಎಣ್ಣೆ ಹಚ್ಚುವ ತನಕ ಸಾಯದಿರಲಿ’ ಎಂದೇ ಪ್ರಾರ್ಥಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ತಮ್ಮನ ಜೀವಕ್ಕಿಂತ ಅವನ ಕಡತದ ಚಿಂತೆ ನನಗೆ ದೊಡ್ಡದಾಗಿತ್ತು.

ಅವನ ಮುಖ ಹಳದಿಯಾಗಿ ಊದಿತ್ತು. ಮರುದಿನ ಬೆಳಿಗ್ಗೆ ಡಾಕ್ಟರು ಇಪ್ಪತ್ತನಾಲ್ಕು ಗಂಟೆ ಕಾಯಬೇಕು ಎಂದರು. ಆ ಆಸ್ಪತ್ರೆಗೆ ಬರುವ ವಯಸ್ಸಾದ ಮಲಯಾಳಿ ಗುರುಗಳೊಬ್ಬರಿದ್ದರು, ಎಲ್ಲರೂ ಅವರನ್ನು ಅಚ್ಚನ್ ಎನ್ನುತ್ತಿದ್ದರು. ರೋಗಿಗಳಿಗೆ ಹಚ್ಚುವ ಪವಿತ್ರ ತೈಲಕ್ಕಾಗಿ ಅವರ ಕಾಲಿಗೆ ಬಿದ್ದೆ. ವಾಸಂತಿ ನನ್ನ ಭುಜ ಹಿಡಿದು ಎಬ್ಬಿಸಿದಳು.

“ಅಕ್ಕ, ಅವರಿಗೆ ಬೇಡ ಇತ್ತು. ಬರೆದೇ ಕೊಟ್ಟಿದ್ದಾರೆ. ಮಾತಾಡ್ಲಿಕ್ಕೆ ಆಗ್ತಿದ್ರೆ ಬೇಡ ಅಂತಲೇ ಹೇಳ್ತಿದ್ರು.”

“ನಿಂಗೆ ಗೊತ್ತಾಗುದಿಲ್ಲ ವಾಸಂತಿ. ಅವ ಎಲ್ಲಿಗೆ ಹೋಗ್ತಾನೆ ಅಂತ ನಿಂಗೆ ಗೊತ್ತಿಲ್ಲ.”

“ಎಲ್ಲಿಗೂ ಹೋಗುದಿಲ್ಲ ಅವರು,” ಎಂದವಳು ಅಲ್ಲೇ ಗೋಡೆಗೊರಗಿ ಅಳತೊಡಗಿದಳು.

ಅವನು ಲಿಖಿತವಾಗಿ ಸಭೆ ಬಿಟ್ಟವನೆಂದು ಕೇಳಿ ಅಚ್ಚನ್ ಹಿಂಜರಿದರು. ಅವನ ಧರ್ಮಪ್ರಾಂತದವರನ್ನು ಒಂದು ಮಾತು ಕೇಳಿ, ಅವರು ಸರಿಯೆಂದರೆ ಈಗಲೇ ಹಚ್ಚುತ್ತೇನೆ ಎಂದರು. ಹತ್ತೂವರೆಗೆ ನಾನು ನಿಮಗೆ ಫೋನ್ ಮಾಡಿದೆ. ನಿಮಗೆ ನೆನಪಿರಲಾರದು, ಆ ಮಾತುಗಳು ನನಗೆ ಮರೆಯುವುದಿಲ್ಲ.

“ಅವರು ಪಶ್ಚಾತ್ತಾಪಪಟ್ಟು ಬರೆದುಕೊಡಬೇಕು. ಸಹಿ ಬೇಕು,” ಎಂದಿರಿ.

“ಫಾದರ್, ಅವನಿಗೆ ಎಚ್ಚರ ಇಲ್ಲ. ಬಾಯಿಗೆ ಪೈಪ್ ಹಾಕಿದ್ದಾರೆ.”

“ಎಚ್ಚರ ಆದ ಮೇಲೆ ಬರೆಸಿ ಕಳಿಸಿ.”

“ಆಗದಿದ್ರೆ? ಹಾಗೆಯೇ ಹೋದ್ರೆ ಅವನ ಆತ್ಮಕ್ಕೆ ಎಂತ ಆಗ್ತದೆ ಫಾದರ್?”

“ನೀವು ಧರ್ಮೋಪದೇಶ ಕಲಿತವರಲ್ವಾ? ಊಹಿಸಿಕೊಳ್ಳಿ,” ಎಂದು ಫೋನ್ ಇಟ್ಟಿರಿ.

ಊಹಿಸಿಕೊಂಡೆ ಮಾನ್ಯರೇ. ಆ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎರಡು ಗಂಟೆ ಕಾಲ ಅದನ್ನೇ ಮಾಡಿದೆ. ಚಿಕ್ಕಂದಿನಲ್ಲಿ ಅಲ್ವಿನ್ ಬಿಸಿ ಗಂಜಿಯ ಬಟ್ಟಲನ್ನೂ ಮುಟ್ಟುತ್ತಿರಲಿಲ್ಲ. ನಾನು ಊದಿ ಆರಿಸಿ ಕೊಡಬೇಕಿತ್ತು. ಅಂಥವನನ್ನು ಎಂತೆಂಥಲ್ಲಿ ಊಹಿಸಿದೆ ಎಂದು ಬರೆಯಲಾರೆ.

ಆಮೇಲೆ ಎದ್ದು ಆಸ್ಪತ್ರೆಯ ಎದುರಿನ ಫೋನ್ ಅಂಗಡಿಗೆ ಹೋದೆ. ಬಿಳಿ ಕಾಗದ ಕೇಳಿ ತೆಗೆದುಕೊಂಡೆ. ‘ನಾನು, ಅಲ್ವಿನ್ ಕ್ರಾಸ್ತಾ, ಸಭೆಯನ್ನು ತೊರೆದುದಕ್ಕಾಗಿ ಪೂರ್ಣ ಮನಸ್ಸಿನಿಂದ ಪಶ್ಚಾತ್ತಾಪಪಡುತ್ತೇನೆ’ ಎಂದು ಬರೆದೆ. ಕೆಳಗೆ ಅವನ ಸಹಿ ಹಾಕಿದೆ. ಇಪ್ಪತ್ತೆರಡು ವರ್ಷದಿಂದ ಬಂದರಿಗೆ ಬಂದ ಕಾಗದಗಳಲ್ಲಿ ಖೊಟ್ಟಿ ಸಹಿ ಹಿಡಿಯುವವಳು ನಾನು. ಪೆನ್ನು ಎಲ್ಲಿ ತಡವರಿಸಿದರೆ ಸಿಕ್ಕಿಬೀಳುತ್ತಾರೆಂದು ಬಲ್ಲೆ. ಎಲ್ಲೂ ತಡವರಿಸಲಿಲ್ಲ. ಒಂದೂವರೆಗೆ ಫ್ಯಾಕ್ಸ್ ಹೋಯಿತು, ಎರಡಕ್ಕೆ ನಿಮ್ಮ ಮೊಹರು ಬಿದ್ದ ಉತ್ತರ ಬಂತು: ‘ಸ್ವೀಕರಿಸಲಾಗಿದೆ.’ ಹತ್ತೂವರೆಗೆ ಪ್ರಜ್ಞೆಯಿಲ್ಲದಿದ್ದ ಮನುಷ್ಯ ಒಂದೂವರೆಗೆ ಅಷ್ಟು ನೆಟ್ಟಗೆ ಸಹಿ ಹಾಕಿದ್ದು ಹೇಗೆಂದು ನೀವು ಕೇಳಲಿಲ್ಲ. ಒಮ್ಮೊಮ್ಮೆ ನನಗನ್ನಿಸುತ್ತದೆ, ನಿಮಗೆ ಗೊತ್ತಿತ್ತು, ಕರುಣೆಯಿಂದಲೇ ಕಣ್ಣುಮುಚ್ಚಿಕೊಂಡಿರಿ ಎಂದು. ಹಾಗಿದ್ದರೆ ಅದನ್ನಾದರೂ ಹೇಳಿಬಿಡಿ. ನನ್ನ ಅರ್ಧ ಹೆದರಿಕೆ ಹೋಗುತ್ತದೆ.

ಅಚ್ಚನ್ ಬಂದು ಅವನ ಹಣೆಗೂ ಅಂಗೈಗಳಿಗೂ ತೈಲ ಹಚ್ಚಿದರು. ವಾಸಂತಿ ಬಾಗಿಲ ಬಳಿಯೇ ನಿಂತಿದ್ದಳು, ಒಳಗೆ ಬರಲಿಲ್ಲ. ನಾಲ್ಕನೆಯ ದಿನ ಅಲ್ವಿನ್ ಕಣ್ಣುಬಿಟ್ಟ. ಇಪ್ಪತ್ತಾರು ದಿನಗಳ ನಂತರ ಪಟ್ಟಂನ ಮನೆಗೆ ಬಂದ. ಇದು ತೈಲದ ಪವಾಡ ಎಂದು ಹೇಳುವ ಅಧಿಕಾರ ನನಗಿಲ್ಲ. ಡಯಾಲಿಸಿಸ್ ಕೂಡ ನಡೆದಿತ್ತು.

ಅವನು ಎದ್ದು ಓಡಾಡುವಂತಾದ ಮೇಲೆ ಸಹಿಯ ವಿಷಯ ಹೇಳಿದೆ. ಮೊದಲು ನಕ್ಕ.

“ನನ್ನ ಸಹಿ ಸರಿಯಾಗಿ ಬಂತಾ ಅಕ್ಕ?”

“ಬಂತು.”

ಆಮೇಲೆ ಅವನ ನಗು ನಿಂತಿತು. “ಅವರಿಗೆ ಸಭೆ ಬಿಟ್ಟ ಕಾಗದ ಬರೀಲಿಕ್ಕೆ ನಂಗೆ ಎಷ್ಟು ಸಮಯ ಬೇಕಾಯ್ತು ಗೊತ್ತುಂಟಾ? ಒಂದು ವರ್ಷ. ಪ್ರತಿ ಸಲ ನಿನ್ನ ಮುಖ ನೆನಪಾಗ್ತಿತ್ತು. ನಾನು ಅಷ್ಟು ಕಷ್ಟದಲ್ಲಿ ಹೇಳಿದ ಸತ್ಯ ಬೇರೆ ಇಲ್ಲ. ನಾನು ಮಲಗಿದ್ದಾಗ ನೀನು ಅದನ್ನು ಅಳಿಸಿದೆ.”

ತಿಂಗಳುಗಟ್ಟಲೆ ಅವನು ನನ್ನ ಜೊತೆ ಮಾತಾಡಲಿಲ್ಲ. ವಾಸಂತಿ ಭಾನುವಾರ ಫೋನ್ ಮಾಡಿ ಅವನ ಆರೋಗ್ಯದ ಸುದ್ದಿ ಹೇಳುತ್ತಿದ್ದಳು. ಅವನಿಗೆ ಬೇಡದ್ದನ್ನು ನಾನು ಮಾಡಿಸಿದ್ದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ.

ಅವನು ಬದುಕಿದ್ದಾನಲ್ಲ, ಇನ್ನೇನು ಎಂದು ಕೇಳಬಹುದು. ನಾನು ಅಚ್ಚನ್ ಬಳಿ ಹೋಗಿ ಪಾಪನಿವೇದನೆ ಮಾಡಿದೆ. ಸುಳ್ಳು ಸಹಿಯ ಪಾಪ ಕಳೆಯಬೇಕಾದರೆ ಆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಮಗಳೇ ಎಂದರು. ಈಗ ನನ್ನ ಸ್ಥಿತಿ ನೋಡಿ. ಸುಳ್ಳನ್ನು ಹಿಂದೆಗೆದುಕೊಂಡರೆ ಅಲ್ವಿನ್ ಮತ್ತೆ ಹೊರಗಿನವನು; ನಾನು ಕಲಿತ ಪಾಠದ ಪ್ರಕಾರ ರಕ್ಷಣೆಯಿಲ್ಲದವನು. ಹಿಂದೆಗೆಯದಿದ್ದರೆ ನಾನು ಪಾಪದಲ್ಲಿರುವವಳು. ನನ್ನ ಆತ್ಮ ಉಳಿಯಬೇಕಾದರೆ ನನ್ನ ಕೈಯಿಂದಲೇ ತಮ್ಮನನ್ನು ಆಚೆ ನೂಕಬೇಕು. ಅಲ್ಲಿಂದೀಚೆಗೆ ನಾನು ಪರಮಪ್ರಸಾದ ಸ್ವೀಕರಿಸಿಲ್ಲ. ಜನ ಸಾಲಾಗಿ ಎದ್ದು ಹೋಗುವಾಗ ಬೆಂಚಿನಲ್ಲಿ ಕಾಲು ಮಡಚಿ ದಾರಿ ಬಿಡುತ್ತೇನೆ.

“ನನ್ನ ತಮ್ಮ ಹಾಗೆಯೇ ಸತ್ತರೆ ಎಲ್ಲಿಗೆ ಹೋಗುತ್ತಾನೆ ಅಚ್ಚಾ?” ಎಂದೂ ಕೇಳಿದೆ.

“ಎನಿಕ್ಕ್ ಅರಿಯಿಲ್ಲ, ಮೋಳೇ,” ಎಂದರು ಅವರು. ನನಗೆ ಗೊತ್ತಿಲ್ಲ ಮಗಳೇ. ಅಷ್ಟು ವಯಸ್ಸಾದ ಗುರುಗಳು. ಆ ಮಾತು ಕೇಳಿ ನನಗೆ ಮೊದಲ ಸಲ ಉಸಿರು ಬಂದಂತಾಯಿತು.

ಡಿಸೆಂಬರಿನಲ್ಲಿ ಅಲ್ವಿನ್ ತಾನಾಗಿ ಎಡಪ್ಪಳ್ಳಿಯ ಮನೆಗೆ ಬಂದ. ತೆಳ್ಳಗಾಗಿದ್ದ. ಚಹಾ ಕುಡಿದು ಮುಗಿಸಿ ಹೇಳಿದ: “ನೀನು ಹೆದರಿ ಮಾಡಿದ್ದು ಅಂತ ಗೊತ್ತುಂಟು. ಸಿಟ್ಟು ಹೋಯ್ತು. ಆದ್ರೆ ಆ ಸುಳ್ಳನ್ನು ನೀನೇ ತೆಗೆಸು. ನಾನು ತೆಗೆಸಿದ್ರೆ ನೀನು ಹೆದರ್ತಾನೇ ಇರ್ತೀ.”

“ನೀನು ಹಾಗೆಯೇ ಸತ್ತುಹೋದ್ರೆ ಅಲ್ವಿನ್?”

“ಆಗ ದೇವರು ಇದ್ರೆ, ನಾನು ಸುಳ್ಳು ಹೇಳ್ಲಿಲ್ಲ ಅಂತ ಅವನಿಗೆ ಗೊತ್ತಿರ್ತದಲ್ಲ,” ಎಂದ. ಅವನ ಕಣ್ಣಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ. ಇಬ್ಬರ ಪಾಲಿನ ಹೆದರಿಕೆಯನ್ನೂ ನಾನೇ ಹೊತ್ತಿದ್ದೇನೆ.

ಜನವರಿಯಲ್ಲಿ ನಿಮಗೆ ಬರೆದೆ. ಉತ್ತರವಿಲ್ಲ. ಮಾರ್ಚಿನಲ್ಲಿ ಮತ್ತೆ ಬರೆದೆ. ಎರಡು ಸಾಲಿನ ಉತ್ತರ ಬಂತು: ‘ನಮ್ಮ ದಾಖಲೆಯ ಪ್ರಕಾರ ತಮ್ಮ ಸಹೋದರರು ಸಭೆಯ ಸದಸ್ಯರಾಗಿದ್ದಾರೆ. ಆದ್ದರಿಂದ ಅವರ ರಕ್ಷಣೆಯ ಕುರಿತ ತಮ್ಮ ಪ್ರಶ್ನೆ ಉದ್ಭವಿಸುವುದಿಲ್ಲ.’ ಎಂಥ ವಾಕ್ಯ! ಅಂದರೆ ಅವನ ನಿಜವಾದ ಸಹಿ ಅವನನ್ನು ನರಕಕ್ಕೆ ಕಳುಹಿಸಬಲ್ಲದು, ನನ್ನ ಖೊಟ್ಟಿ ಸಹಿ ಸ್ವರ್ಗಕ್ಕೆ. ನಮ್ಮ ಕಸ್ಟಮ್ಸಿನಲ್ಲಿಯೂ, ಕಾಗದ ಸುಳ್ಳೆಂದು ಬರೆದವನೇ ಬಂದು ಹೇಳಿದರೆ ನಾವು ಪೆಟ್ಟಿಗೆ ಬಿಚ್ಚಿ ನೋಡುತ್ತೇವೆ. ಮನುಷ್ಯನ ಆತ್ಮಕ್ಕೆ ಅಷ್ಟೂ ತಪಾಸಣೆ ಬೇಡವೇ? ನಂಬಿಕೆ ಹೋದವನು ಹೋಯಿತೆಂದು ಹೇಳಿದರೆ ದ್ರೋಹ, ಹೇಳದೆ ಮುಚ್ಚಿಟ್ಟುಕೊಂಡರೆ ಸದಸ್ಯತ್ವ. ಇದನ್ನೇ ದೇವರ ನ್ಯಾಯವೆಂದು ಮಕ್ಕಳಿಗೆ ಕಲಿಸುತ್ತೀರಾ?

ಆದ್ದರಿಂದ ಈ ಪತ್ರದ ಮೂಲಕ ಎಲ್ಲರೆದುರು ಹೇಳುತ್ತಿದ್ದೇನೆ: ೨೦೦೮ರ ಜುಲೈಯಲ್ಲಿ ಅಲ್ವಿನ್ ಕ್ರಾಸ್ತಾನ ಹೆಸರಿನಲ್ಲಿ ಬಂದ ಪಶ್ಚಾತ್ತಾಪ ಪತ್ರ ಅವನದಲ್ಲ, ನನ್ನದು. ಅದನ್ನು ರದ್ದು ಮಾಡಿ. ಅವನು ಹೇಳಿದ್ದನ್ನು ಅವನು ಹೇಳಿದಂತೆಯೇ ಪುಸ್ತಕದಲ್ಲಿ ಉಳಿಸಿ. ಇದನ್ನು ಬರೆಯುವುದೆಂದರೆ ಅವನ ಕೈಯನ್ನು ನಾನೇ ಬಿಟ್ಟುಬಿಟ್ಟಂತೆ. ಆದರೂ ಬರೆದಿದ್ದೇನೆ.

ಇನ್ನೊಂದು ಬೇಡಿಕೆ. ಸತ್ಯ ಹೇಳಿ ಸಭೆಯನ್ನು ಬಿಟ್ಟ ಒಬ್ಬ ಮನುಷ್ಯನಿಗೆ ರಕ್ಷಣೆ ಉಂಟೋ ಇಲ್ಲವೋ, ಬರೆದು ತಿಳಿಸಿ. ಉಂಟು ಎಂದರೆ ನಾನು ಮಂಡಿಯೂರಿ ವಂದಿಸುತ್ತೇನೆ. ಇಲ್ಲ ಎಂದರೆ ಅದನ್ನೂ ಬರೆಯಿರಿ, ಓದುವ ಶಕ್ತಿಯನ್ನು ಹೇಗಾದರೂ ತಂದುಕೊಳ್ಳುತ್ತೇನೆ. ಗೊತ್ತಿಲ್ಲ ಎಂದಾದರೆ ‘ಗೊತ್ತಿಲ್ಲ’ ಎಂದು ಬರೆಯಲು ದಯವಿಟ್ಟು ಸಂಕೋಚಪಡಬೇಡಿ. ಮೂರರಲ್ಲಿ ಯಾವುದಾದರೂ ಸರಿ, ಕೆಳಗೆ ನಿಮ್ಮ ಸಹಿ ಇರಲಿ. ‘ಊಹಿಸಿಕೊಳ್ಳಿ’ ಎಂದು ಮಾತ್ರ ಇನ್ನು ಯಾರ ಅಕ್ಕನಿಗೂ ಹೇಳಬೇಡಿ.

ಇಂತಿ,
ಈ ಭಾನುವಾರವೂ ಹಿಂದಿನ ಬೆಂಚಿನಲ್ಲಿ ಕೂತೇ ಇರುವ,
ಸಭೆಯನ್ನು ಬಿಡುವ ಧೈರ್ಯವೂ ಇಲ್ಲದ
ಜಾಯ್ಸ್ ಕ್ರಾಸ್ತಾ
ಎಡಪ್ಪಳ್ಳಿ, ಕೊಚ್ಚಿ
ಜೂನ್ ೨೦೦೯