ಎಡಗಡೆಯಿಂದ ಓಡುವವಳಿಗೆ

ರಾಧಕ್ಕಾ,

ಮೇಷ್ಟ್ರು ಮುಳಬಾಗಿಲಿನ ಮೈದಾನಕ್ಕೆ ಮೊದಲ ಸಲ ಆ ಮೊಟ್ಟೆಯಾಕಾರದ ಚೆಂಡು ತಂದ ದಿನ ನೆನಪಿದೆಯಾ? ಇದು ಒದೆಯುವ ಫುಟ್‌ಬಾಲ್ ಅಲ್ಲ, ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಎಂದರು. ನೀನು ತೆಂಗಿನಕಾಯಿ ಆರಿಸುವವಳ ಹಾಗೆ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿಲ್ಲ ಎಂದೆ. ತಂಡಕ್ಕೆ ಐದು ಜನ. ಓಡುವವಳನ್ನು ಬೀಳಿಸುವಂತಿಲ್ಲ, ಸೊಂಟದ ರಿಬ್ಬನ್ ಕಿತ್ತರೆ ಓಟ ಮುಗಿಯಿತು. ಚೆಂಡು ಮೊದಲು ನನ್ನ ಕೈಗೆ ಬರುತ್ತಿತ್ತು. ನನ್ನ ಎಡಕ್ಕೆ ನೀನು, ಅದನ್ನು ಇಸಿದುಕೊಂಡು ಓಡುವ ನಮ್ಮ ರನ್ನಿಂಗ್ ಬ್ಯಾಕ್.

ಮೇಷ್ಟ್ರ ಉಪಾಯ ನಿನಗೆ ಎಂದೂ ಹಿಡಿಸಲಿಲ್ಲ. ಆಟದ ಶುರುವಿನಲ್ಲಿ ಚೆಂಡನ್ನು ನಿಜವಾಗಿಯೂ ನಿನ್ನ ಹೊಟ್ಟೆಗೆ ಒತ್ತಿ ಕೊಡಬೇಕು. ನೀನು ಗುಂಪಿನೊಳಗೆ ನುಗ್ಗಿ ಒಂದಿಷ್ಟು ದೂರ ಹೋದರೂ ಸಾಕು, ಎದುರಿನವರಿಗೆ ನಿನ್ನ ಭಯ ಹತ್ತುತ್ತದೆ, ಎಲ್ಲರೂ ಮುಂದಕ್ಕೆ ಬಂದು ನಿಲ್ಲುತ್ತಾರೆ. ಆಮೇಲೆ, ಗೆಲ್ಲಲೇಬೇಕಾದ ಹೊತ್ತಿನಲ್ಲಿ, ಕೊಟ್ಟ ಹಾಗೆ ಮಾಡಿ ಕೊಡಬಾರದು. ನೀನು ಖಾಲಿ ಕೈ ಮಡಚಿಕೊಂಡು ಎಡಕ್ಕೆ ಓಡಬೇಕು, ಅವರು ನಿನ್ನ ಹಿಂದೆ ಬೀಳಬೇಕು, ನಾನು ಬಲಕ್ಕೆ ದೂರ ಎಸೆಯಬೇಕು. ಕೊಟ್ಟವಳು ಮಾತ್ರ ತಿರುಗಿ ನೋಡಬಾರದು, ನೋಡಿದರೆ ಮೋಸ ಬಯಲಾಗುತ್ತದೆ. ಚೆಂಡು ಹಿಡಿದವಳಿಗೆ ಚಪ್ಪಾಳೆ ಬೀಳುವಾಗ ನೀನು ಧೂಳು ಕೊಡವಿಕೊಂಡು ಬರುತ್ತಿದ್ದೆ. "ಕೊನೇ ಓಟಕ್ಕೆ ಒಂದ್ಸಲನಾದ್ರೂ ನಿಜವಾಗ್ಲೂ ಕೊಡೇ. ಬರಿಗೈಲಿ ಓಡಿ ಓಡಿ ಸಾಕಾಯ್ತು ಕಣೇ."

ಶ್ರೀನಿವಾಸಪುರದ ರಸ್ತೆಯಲ್ಲಿ ನಿನ್ನ ಸ್ಕೂಟಿ ಬೀಳುತ್ತದೆ ಎಂದು ಯಾರು ಎಣಿಸಿದ್ದರು...

ನಿನ್ನನ್ನು ಮಣ್ಣು ಮಾಡಿದ ಮೂರನೇ ದಿನ, ಹಾಲುತುಪ್ಪಕ್ಕೆ, ಆ ಮಣ್ಣಿನ ಮೇಲೆ ಎಡೆ ಇಟ್ಟು ಎಲ್ಲರೂ ದೂರ ನಿಂತೆವು. ಕಾಗೆಗಳು ಹುಣಸೆಮರದಲ್ಲೇ ಇದ್ದವು, ಒಂದೂ ಇಳಿಯಲಿಲ್ಲ. ಏನೋ ಆಸೆ ಉಳಿದಿದೆ, ಮಾತು ಕೊಡಿ ಎಂದರು ಹಿರಿಯರು. ನಿನ್ನ ತಮ್ಮನನ್ನು ಓದಿಸುತ್ತೇನೆ ಎಂದು ನಿಮ್ಮಪ್ಪ ಹೇಳಿದರು. ಕಾಗೆ ಕದಲಲಿಲ್ಲ. ನಿಮ್ಮಮ್ಮ "ರಾ ತಲ್ಲಿ, ತಿನು", ಬಾ ತಾಯಿ ತಿನ್ನು, ಎಂದು ತೆಲುಗಿನಲ್ಲೇ ಗೋಗರೆದರು. ನನಗೆ ತಡೆಯಲಾಗಲಿಲ್ಲ, ಮುಂದೆ ಹೋಗಿ ಹೇಳಿಬಿಟ್ಟೆ. "ಅಕ್ಕಾ, ಬಾಲ್ ನಿನ್ಗೇ ಕೊಡ್ತೀನಿ. ಸುಳ್ಳು ಕೊಡಲ್ಲ." ಮಾತು ಮುಗಿಯುವ ಮುಂಚೆಯೇ ಒಂದು ಕಾಗೆ ಇಳಿದು ಅನ್ನಕ್ಕೆ ಕೊಕ್ಕು ಹಾಕಿತು.

ಕೋಲಾರದ ಪಂದ್ಯ ನೀನು ನೋಡಿರಲಿಕ್ಕಿಲ್ಲ. ಅಥವಾ ನೋಡಿದೆಯೋ? ಎದುರಿಗೆ ಮಾಲೂರಿನವರು, ಉಳಿದದ್ದು ಕೊನೆಯ ಒಂದು ಓಟ. ನಿನ್ನ ಜಾಗಕ್ಕೆ ಬಂದ ಸುಜಾತಳನ್ನು ಮೇಷ್ಟ್ರು ಬಲಕ್ಕೆ ಕಳಿಸಿದ್ದರು, ಎಡಗಡೆ ಬರೀ ಬಯಲು. ಚೆಂಡು ಬಂದದ್ದೇ ತಡ, ನನ್ನ ಕೈ ತಾನಾಗಿಯೇ ಎಡಕ್ಕೆ ಚಾಚಿಕೊಂಡಿತು. ಚೆಂಡು ಕೈಜಾರಿ ನೆಲಕ್ಕೆ ಬಿದ್ದರೆ ಆಟವೇ ಹೋಗುತ್ತಿತ್ತು, ಬಿಡಲಿಲ್ಲ. ಆದರೆ ಮಾಲೂರಿನ ಮೂವರು ಎಡಕ್ಕೆ ಓಡಿದರು ಅಕ್ಕಾ. ಯಾರೂ ಇಲ್ಲದ ಕಡೆಗೆ, ಕೈ ಚಾಚಿಕೊಂಡು. ನಾನು ಎಸೆದೆ, ಸುಜಾತ ಹಿಡಿದಳು, ಗೆದ್ದೆವು. ಮಾಲೂರಿನ ಹುಡುಗಿಯೊಬ್ಬಳು ಅಂಪೈರ್ ಹತ್ತಿರ ದೂರು ಕೊಟ್ಟಳು. "ಇವ್ರು ಆರು ಜನ ಆಡಿದ್ದಾರೆ ಸಾರ್. ಎಡಗಡೆ ಓಡಿದ ಆ ಅಕ್ಕ ಎಲ್ಲಿ?" ಅವರು ನಮ್ಮನ್ನು ಸಾಲಾಗಿ ನಿಲ್ಲಿಸಿ ಎಣಿಸಿದರು. ಐದೇ ಜನ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸತ್ತ ಮೇಲೂ ನಿನ್ನನ್ನು ಬರಿಗೈಯಲ್ಲೇ ಓಡಿಸಿದೆನಲ್ಲ!

ನಿನ್ನೆ ಬೆಳಕು ಹರಿಯುವಾಗ ಒಬ್ಬಳೇ ಮೈದಾನಕ್ಕೆ ಹೋದೆ. ಗಾಳಿಯೂ ಇರಲಿಲ್ಲ. ನಮ್ಮ ಜಾಗದಲ್ಲಿ ನಿಂತು, ಬಲಕ್ಕೆ ಮುಖ ಮಾಡಿ, ಚೆಂಡನ್ನು ಎಡಕ್ಕೆ ಒತ್ತಿ ಕೈ ಬಿಟ್ಟೆ. ಬೀಳುವ ಸದ್ದಿಗೆ ಕಾದೆ. ಸದ್ದು ಬರಲಿಲ್ಲ. ಎಷ್ಟು ಹೊತ್ತು ನಿಂತರೂ ಬರಲಿಲ್ಲ. ಮೇಷ್ಟ್ರು ಕಲಿಸಿದ ಹಾಗೆ ತಿರುಗಿ ನೋಡದೆ ನೇರ ಮನೆಗೆ ಬಂದೆ.

ಚೆಂಡೆಲ್ಲಿ ಎಂದು ಮೇಷ್ಟ್ರು ಇವತ್ತು ಕೇಳಿದರು. ಸುಜಾತ ಮೈದಾನವೆಲ್ಲ ಹುಡುಕಿ ಬಂದಳಂತೆ, ಸಿಗಲಿಲ್ಲ. ಯಾರ ಹತ್ತಿರ ಇದೆ ಎಂದು ನಾನು ಹೇಳಲಿಲ್ಲ. ಓಡು ಅಕ್ಕಾ. ಈ ಸಲ ರಿಬ್ಬನ್ ಕೀಳುವವರು ಯಾರೂ ಇಲ್ಲ.

ನಿನ್ನ ಶಶಿ