ಸಿಡುಕನ ಪರ ವಹಿಸಿಕೊಂಡವಳು

ಜೂನ್ 3, ಸೋಮವಾರ

ಬೆಳಗಿನ ಡ್ಯೂಟಿ ಮುಗಿಸಿ ಮೂರಕ್ಕೆ ಮನೆ. ಮೂರನೇ ವಾರ್ಡಿಗೆ ಇವತ್ತು ಉಪ್ಪಿಲ್ಲದ ಊಟವೇ ಜಾಸ್ತಿ. ಆಸ್ಪತ್ರೆಯ ಅಡುಗೆಮನೆಯಲ್ಲಿ ಉಪ್ಪಿಲ್ಲದ್ದು, ಸಕ್ಕರೆಯಿಲ್ಲದ್ದು, ಬರೀ ಗಂಜಿ ಎಂದು ತಟ್ಟೆ ಬೇರೆ ಮಾಡಿ ಟ್ರಾಲಿಗೆ ಏರಿಸುವುದು ನನ್ನ ಪಾಲಿನ ಕೆಲಸ. ಜೊತೆಗೆ ಕೆಲಸ ಮಾಡುವ ಉದ್ದಕ್ಕ ಒಂದು ತಟ್ಟೆ ಅದಲುಬದಲು ಮಾಡಿದ್ದಳು, ಹಿಡಿದೆ.

“ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ತಾರೆ, ನಿನಗೆ ಹುಟ್ಟುವಾಗಲೇ ದೇವರು ಬಿಟ್ಟು ಕಳಿಸಿದ್ದಾನೆ” ಅಂದಳು. ಬಾಗಿಲು ದಾಟಲು ತಲೆ ಬಗ್ಗಿಸಬೇಕು ಅವಳು, ಅದಕ್ಕೇ ಉದ್ದಕ್ಕ. ಬಾಯಿಯೂ ಅಷ್ಟೇ ಉದ್ದ.

ಮನೆಗೆ ಬಂದು ಅಮ್ಮನಿಗೆ ಸ್ನಾನ. ಸೊಂಟ ಮುರಿದ ಮೇಲೆ ಅವಳ ಲೋಕವೆಲ್ಲ ಮಂಚದ ಮೇಲೆ. ಹಾಸಿಗೆ ಬಟ್ಟೆ ಒಗೆದು ಹಾಕುವಷ್ಟರಲ್ಲಿ ತಂಗಿ ಬಂದಳು. ಅಮ್ಮನ ತಲೆ ಬಾಚಲು ಕೂತಳು. ನಿನ್ನೆ ನಾನು ಬಾಚುತ್ತೇನೆ ಅಂದರೆ ಬೇಡ ಎಂದಿದ್ದ ಅಮ್ಮ ಇವತ್ತು ಕಣ್ಣು ಮುಚ್ಚಿಕೊಂಡು ಕೂತಳು, ಹಾಲು ಕುಡಿದ ಬೆಕ್ಕಿನ ಹಾಗೆ.

“ಇವಳ ಕೈ ಮೆತ್ತಗೆ” ಅಂದಳು.

ಮೆತ್ತಗಿರದೆ ಏನು. ಹಾಸಿಗೆ ಬಟ್ಟೆ ಒಗೆದ ಕೈಯೇ ಅದು?

ಎಂಟಕ್ಕೆ ಸೀರಿಯಲ್. ಮಂಚದ ಮೇಲೆ ಅಮ್ಮನ ಪಕ್ಕ ನಾನು ಕೂರುತ್ತಿದ್ದ ಜಾಗದಲ್ಲಿ ತಂಗಿ. ಕುರ್ಚಿ ಎಳೆದುಕೊಂಡೆ.


ಜೂನ್ 4, ಮಂಗಳವಾರ

ಇವತ್ತಿನ ಕಂತು ಬರೆದಿಡಬೇಕು. ಬಸ್ ನಿಲ್ದಾಣದ ಎದುರಿನ ಆ ಸಣ್ಣ ಹೋಟೆಲು, ಅದನ್ನು ನಡೆಸುವ ವಿಧವೆ, ಅವಳ ಮೈದುನ ಸಪ್ಲೈಯರ್. ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಗಿರಾಕಿ ಚಮಚ ಕೇಳಿದರೆ ಎಸೆಯುತ್ತಿದ್ದ. ನಮ್ಮ ಮನೆಯಲ್ಲಿ ಅವನಿಗೆ ಸಿಡುಕ ಎಂದೇ ಹೆಸರು. ಎಲ್ಲರೂ ಅವನನ್ನು ಬಯ್ಯುವಾಗ, ಇವನು ಸರಿಹೋಗುತ್ತಾನೆ ನೋಡಿ ಎಂದವಳು ನಾನೊಬ್ಬಳೇ.

ದಿನಾ ಒಬ್ಬ ಮುದುಕ ಚಹಾಕ್ಕೆ ಬರುತ್ತಾನೆ. ಕೈ ನಡುಕ. ಚೆಲ್ಲುತ್ತಾನೆ. ಮೊದಲೆಲ್ಲ ಸಿಡುಕ ನಾಲ್ಕು ಜನರ ಮುಂದೆ ಅವನ ಮಾನ ಕಳೆಯುತ್ತಿದ್ದ. ಇವತ್ತು ಲೋಟಕ್ಕೆ ಅರ್ಧ ಮಾತ್ರ ಹಾಕಿಕೊಟ್ಟ. ಅದು ಮುಗಿದ ಮೇಲೆ ಕೇಳದೆಯೇ ಇನ್ನರ್ಧ ತಂದ. ಒಂದು ಮಾತಿಲ್ಲ. ಮುದುಕ ತಲೆ ಎತ್ತಿ ನೋಡಿದ, ಅಷ್ಟೇ... ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

“ಅದರಲ್ಲಿ ಅಳೋದೇನಿದೆ?” ಅಮ್ಮ. “ಚಹಾ ಕೊಡೋದು ಅವನ ಕೆಲಸ. ಸಂಬಳ ತಗೊಳಲ್ವಾ?”

“ನಿನಗೆ ಅರ್ಥ ಆಗಲ್ಲ ಬಿಡಮ್ಮ.”

ನಮ್ಮ ಇವರು ಮುಂದಿನ ಕೋಣೆಯಿಂದ, ಹೊಲಿಗೆ ಮೆಷಿನ್ ತುಳಿಯುತ್ತಲೇ, “ನಾನು ಇಷ್ಟು ವರ್ಷದಲ್ಲಿ ಸುಧಾರಿಸಿದ್ದಕ್ಕೆ ಒಂದು ಹನಿ ಹಾಕಿದ್ದೀಯೇನೆ?” ಅಂದರು.

“ಸುಧಾರಿಸಿ. ಆಮೇಲೆ ನೋಡೋಣ” ಅಂದೆ.

ದೇವರ ಮುಂದೆ ಕೂತಾಗ ಸಿಡುಕನನ್ನೂ ನೆನೆದೆ. ಎಷ್ಟೋ ದಿನದಿಂದ ನೆನೆಯುತ್ತಿದ್ದೇನೆ, ಅವನಿಗೆ ಒಳ್ಳೆಯ ಬುದ್ಧಿ ಕೊಡಪ್ಪಾ ಎಂದು. ಸುಳ್ಳುಕಥೆ ಎಂದು ಗೊತ್ತು. ಆದರೂ ಬೇಡಿದ್ದು ಸುಳ್ಳಲ್ಲವಲ್ಲ. ಅಮ್ಮ, ಇವರು, ವಾರ್ಡಿನವರು, ಸಿಡುಕ. ದೀಪ ಶಾಂತ ಮಾಡಿ ಎದ್ದೆ.


ಜೂನ್ 6, ಗುರುವಾರ

ಕೆಲಸದ ಕಡೆಯೂ ಸಿಡುಕನದೇ ಸುದ್ದಿ. ಟ್ರಾಲಿಯವನು ಅರ್ಧ ಲೋಟ ಹಿಡಿದು ಅವನ ಹಾಗೆ ನಡೆದು ತೋರಿಸಿದ. ಕೈ ನಡುಗುವ ರೋಗಿಗಳಿಗೆ ನಾವೂ ಅರ್ಧರ್ಧ ಕೊಡೋಣ ಅಂದೆ. “ಎರಡು ಸಲ ಮೆಟ್ಟಿಲು ಹತ್ತೋಕೆ ನಿನ್ನ ಸಿಡುಕ ಬರ್ತಾನಾ?” ಉದ್ದಕ್ಕ. ಎಲ್ಲರೂ ನಕ್ಕೆವು.

ಆಮೇಲೆ ಪಕ್ಕಕ್ಕೆ ಕರೆದು ಹೇಳಿದಳು, “ನಿನ್ನೆ ನಿನ್ನ ತಂಗಿ ಬಂದಿದ್ದಳಲ್ಲ. ಮೇಡಂ ಹತ್ತಿರ. ಪಾತ್ರೆ ತೊಳೆಯೋ ಜಾಗ ಖಾಲಿ ಇದೆಯಾ ಅಂತ. ನೀನೇ ಕಳಿಸಿದೆ ಅಂದುಕೊಂಡೆ.”

“ಹೂಂ” ಅಂದೆ.

ನನಗೆ ಒಂದು ಮಾತು ಹೇಳಲಿಲ್ಲ. ಎದುರಿಗೇ ಕೂತು ಸೀರಿಯಲ್ ನೋಡಿ ಹೋದಳಲ್ಲ ನಿನ್ನೆ. ಮಂಚ ಆಯಿತು, ಬಾಚಣಿಗೆ ಆಯಿತು. ಈಗ ನನ್ನ ಅಡುಗೆಮನೆ. ಅಲ್ಲಿ ಒಂದು ಕಡೆಯಾದರೂ ನಾನು ನಾನಾಗಿದ್ದೆ. ಯಾರ ಅಕ್ಕನೂ ಅಲ್ಲ.

ಹೊಟ್ಟೆ ಉರಿಯುತ್ತಿದೆ. ಬರೆಯುವುದಕ್ಕೇನು ನಾಚಿಕೆ, ಉರಿಯುತ್ತಿದೆ.


ಜೂನ್ 7, ಶುಕ್ರವಾರ. ಸಂಜೆ

ಮಧ್ಯಾಹ್ನ ಸೂಪರ್‌ವೈಸರ್ ಮೇಡಂ ಬಾಗಿಲಲ್ಲಿ ನಿಲ್ಲಿಸಿ ಕೇಳಿದರು.

“ನಿಮ್ಮ ತಂಗಿಯಂತೆ. ಹೇಗೆ, ಹೊಂದಿಕೊಂಡು ಹೋಗ್ತಾರಾ?”

“ಸಿಟ್ಟು ಜಾಸ್ತಿ ಮೇಡಂ ಅವಳಿಗೆ.”

“ಮೊದಲು ಇತ್ತು ಅಂತ ಅವರೇ ಹೇಳಿದರು. ಈಗಲೂ?”

ಟ್ರಾಲಿ ಬಂತು. ತಳ್ಳಿಕೊಂಡು ಹೋದೆ.

ಸುಳ್ಳು ಹೇಳಲಿಲ್ಲ. ಅವಳ ಸಿಟ್ಟು ಬೀದಿಗೆಲ್ಲ ಗೊತ್ತು. ಅಪ್ಪನ ಎದುರಿಗೆ ಮನೆಯ ಕೀಲಿಕೈ ಬಿಸಾಡಿ ಹೋದವಳು. ಬಾಯಿಗೆ ಬಂದ ಹಾಗೆ ಅಮ್ಮನನ್ನು ಬೈದು ಹೋದವಳು. ಅಪ್ಪ ಹೋದಾಗ ಸುದ್ದಿ ಕಳಿಸಿದರೂ ಬರಲಿಲ್ಲ. ಇಷ್ಟು ವರ್ಷ ಅಮ್ಮನನ್ನು ಎತ್ತಿ ಇಳಿಸಿದವಳು ನಾನು. ಚಳಿಗಾಲದಲ್ಲಿ ಒಂದು ದಿನ ಚೀಲ ಹಿಡಿದುಕೊಂಡು ಬಂದು ನಿಂತಳು, “ತಪ್ಪಾಯ್ತಮ್ಮ” ಅಂದಳು, ಮುಗಿಯಿತು. ಅಮ್ಮ ಅವಳ ಕೆನ್ನೆ ಸವರಿದ್ದೇ ಸವರಿದ್ದು. ಈಗ ಎರಡು ಬೀದಿ ಆಚೆ ಬಾಡಿಗೆ ಕೋಣೆ, ಇಸ್ತ್ರಿ ಅಂಗಡಿಯಲ್ಲಿ ಕೆಲಸ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮೆಲ್ಲಗೆ ಮಾತಾಡುತ್ತಾಳೆ. ಎದುರು ಮಾತಿಲ್ಲ. ಇವರ ಹೊಲಿಗೆಯ ಚೂರು ತಾನೇ ಗುಡಿಸುತ್ತಾಳೆ.

ನಾಟಕ ಎಷ್ಟು ದಿನ ನಡೆಯುತ್ತದೆ ನೋಡೋಣ ಎಂದುಕೊಂಡಿದ್ದೆ. ಇನ್ನೂ ನಡೆಯುತ್ತಿದೆ.


ಜೂನ್ 10, ಸೋಮವಾರ

ತಂಗಿ ಬಾಯಿ ಬಿಟ್ಟಳು.

“ಅಕ್ಕ, ನಿಮ್ಮ ಮೇಡಂ ಹತ್ತಿರ ಕೆಲಸ ಕೇಳಿದ್ದೀನಿ. ಮೊದಲೇ ನಿನಗೆ ಹೇಳಿದ್ದರೆ, ನಿನ್ನ ಹೆಸರು ಹೇಳಿಕೊಂಡು ಹೋದ ಹಾಗಾಗುತ್ತೆ ಅಂತ ಸುಮ್ಮನಿದ್ದೆ. ನಿನ್ನನ್ನ ಏನಾದರೂ ಕೇಳಿದರಾ?”

“ಕೇಳಿದರು. ಹೇಳಿದೆ.”

ಅವಳ ಮುಖ ಅರಳಿತು. ಏನು ಹೇಳಿದೆ ಎಂದು ಕೇಳಲೇ ಇಲ್ಲ. ಒಳ್ಳೆಯದನ್ನೇ ಹೇಳಿರುತ್ತೇನೆ ಎಂದು ಅವಳಿಗೆ ಅನುಮಾನವೇ ಇಲ್ಲ. ಹಿಂದಿನ ಅವಳಾಗಿದ್ದರೆ ಜುಟ್ಟು ಹಿಡಿದು ಕೇಳುತ್ತಿದ್ದಳು. ಆಗ ಬಗೆಹರಿಯುತ್ತಿತ್ತು.

ಇಬ್ಬರೂ ಒಟ್ಟಿಗೆ ದೇವರ ಮುಂದೆ ಕೂರೋಣ ಅಂದಳು. ತಲೆನೋವು ಅಂದೆ.


ಜೂನ್ 13, ಗುರುವಾರ

ಇವತ್ತು ಸಿಡುಕ ಮತ್ತೆ ಎಸೆದ. ಈ ಸಲ ತಟ್ಟೆ.

ಒಬ್ಬ ಗಿರಾಕಿ ಅವನ ಅತ್ತಿಗೆಯ ಬಗ್ಗೆ ಕೊಳಕು ಮಾತಾಡಿದ. ತಡೆದುಕೊಂಡ, ತಡೆದುಕೊಂಡ. ಆಮೇಲೆ ತಟ್ಟೆ ಗೋಡೆಗೆ ಹೋಯಿತು. ಚೂರು ಆ ಮುದುಕನ ಕಾಲಿನ ಹತ್ತಿರ ಬಿತ್ತು. ಅಷ್ಟಕ್ಕೇ ಕಂತು ನಿಲ್ಲಿಸಿದರು.

“ನೋಡಿದೆಯಾ?” ಅಮ್ಮ. “ಹೊಗಳಿದ್ದೇ ಹೊಗಳಿದ್ದು. ಬುದ್ಧಿ ಎಲ್ಲಿಗೆ ಹೋಗುತ್ತೆ.”

ನನಗೆ ಎಲ್ಲಿತ್ತೋ ರೋಷ. “ಒಂದು ದಿನ ಕೈ ಜಾರಿದರೆ ಮನುಷ್ಯ ಕೆಟ್ಟುಹೋದನಾ? ಇಷ್ಟು ದಿನ ಹಲ್ಲು ಕಚ್ಚಿಕೊಂಡು ಇದ್ದದ್ದು ಲೆಕ್ಕಕ್ಕಿಲ್ವಾ?”

“ಚಮಚ ಎಸೆದದ್ದು ಮರೆತೆಯಾ? ಆ ಮುದುಕನಿಗೆ ಏನಂದಿದ್ದ?”

“ಅದೆಲ್ಲ ಹಳೇದಮ್ಮ. ಹಳೇದನ್ನೇ ಎತ್ತಿ ಎತ್ತಿ ಆಡಿದರೆ ಯಾರು ತಾನೇ ಸುಧಾರಿಸ್ತಾರೆ?”

ಅಮ್ಮ ಟಿವಿಯಿಂದ ಕಣ್ಣು ತೆಗೆದಳು. ನನ್ನನ್ನೇ ನೋಡಿದಳು. ಮುಂದಿನ ಕೋಣೆಯಲ್ಲಿ ಮೆಷಿನ್ ಕೂಡ ನಿಂತಿತು.

ತಂಗಿ ಚಪ್ಪಲಿ ಹಾಕಿಕೊಳ್ಳುವಾಗ ನನ್ನ ತೋಳು ಹಿಡಿದಳು. “ಅಕ್ಕ, ನೀನು ಹಾಗಂದೆಯಲ್ಲ... ನನಗೇ ಅಂದ ಹಾಗಾಯ್ತು. ನೀನು ನನ್ನನ್ನ ಹಾಗೆ ನೋಡ್ತೀಯ ಅಂತ ಗೊತ್ತಿರಲಿಲ್ಲ.”

ಕೈ ಬಿಡಿಸಿಕೊಂಡೆ. ಒಲೆಯ ಮೇಲೆ ಹಾಲಿದೆ ಅಂದೆ. ಹಾಲಿರಲಿಲ್ಲ.


ಜೂನ್ 20, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಕೂತರೆ ಟ್ರಾಲಿ ತಳ್ಳಿಕೊಂಡು ಹೋದದ್ದೇ ಕಣ್ಣ ಮುಂದೆ.

ದೇವರ ಮುಂದೆ ಕೂತರೂ ಅದೇ ಪಾಡು. ಅಮ್ಮ, ಇವರು, ವಾರ್ಡಿನವರು... ಅಲ್ಲಿಂದ ಮುಂದೆ ಹೋಗುವುದಿಲ್ಲ. ಸಿಡುಕನ ಹೆಸರು ಬಾಯಿಗೆ ಬಂದರೆ ಯಾರೋ ಕಿವಿ ಹಿಂಡಿದ ಹಾಗೆ. ಒಬ್ಬ ವೇಷ ಹಾಕಿದವನು ಅರ್ಧ ಲೋಟ ಚಹಾ ಕೊಟ್ಟದ್ದಕ್ಕೆ ಅತ್ತೆ. ಒಡಹುಟ್ಟಿದವಳು ಮೂರು ಹೊತ್ತೂ ತಲೆ ಬಗ್ಗಿಸಿಕೊಂಡಿದ್ದರೆ ನಾಟಕ ಅಂದೆ.

ಹಾಗೆಂದು ಹೊಟ್ಟೆಯುರಿ ಹೋಗಿದೆ ಎಂದಲ್ಲ. ನಿನ್ನೆ ಅಮ್ಮ ಅವಳ ಮಡಿಲಲ್ಲಿ ಕೈ ಇಟ್ಟುಕೊಂಡು ನಿದ್ದೆ ಹೋಗಿದ್ದಳು. ನೋಡಿದ ಕೂಡಲೇ ಬೇಕೆಂದೇ ಪಾತ್ರೆ ಕುಕ್ಕಿದೆ, ಎಚ್ಚರವಾಗಲಿ ಎಂದು.

ಪಾತ್ರೆ ತೊಳೆಯಲು ಬೇರೊಬ್ಬಳನ್ನು ತೆಗೆದುಕೊಂಡಿದ್ದರು. ಬಿಸಿನೀರು ಕೈಗೆ ಆಗುವುದಿಲ್ಲ ಎಂದು ಅವಳು ನಿಲ್ಲಲಿಲ್ಲ. ಇವತ್ತು ರಾಶಿ ರಾಶಿ ತಟ್ಟೆ. ಉದ್ದಕ್ಕನೂ ನಾನೂ ಸೀರೆ ಎತ್ತಿಕಟ್ಟಿ ತೊಳೆದೆವು.


ಜೂನ್ 21, ಶುಕ್ರವಾರ

ಡ್ಯೂಟಿಗೆ ಮೊದಲೇ ಮೇಡಂ ಕೋಣೆಗೆ ಹೋದೆ.

“ಆವತ್ತು ‘ಈಗಲೂ?’ ಅಂತ ಕೇಳಿದ್ದಿರಲ್ಲ ಮೇಡಂ. ಈಗ ಇಲ್ಲ.”

ಯಾವುದರ ಮಾತು ಎಂದು ಅವರಿಗೆ ಹೊಳೆಯಲಿಲ್ಲ. ಬಿಡಿಸಿ ಹೇಳಬೇಕಾಯಿತು.

“ಅದನ್ನ ಆವತ್ತೇ ಹೇಳಬಾರದಿತ್ತಾ? ನಾನು ಅವರ ಹೆಸರನ್ನೇ ಬಿಟ್ಟುಬಿಟ್ಟೆ.”

“ಹೇಳಬಾರದು ಅಂತಲೇ ಹೇಳಲಿಲ್ಲ ಮೇಡಂ. ಅವಳು ಇಲ್ಲಿಗೆ ಬರೋದು ನನಗೆ ಬೇಕಿರಲಿಲ್ಲ.”

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. “ಈಗ ಬೇಕಾ?”

“ಈಗಲೂ ಬೇಡ. ಆದರೆ ಕೆಲಸ ಚೆನ್ನಾಗಿ ಮಾಡ್ತಾಳೆ.”

ನಕ್ಕರು. ಸೋಮವಾರದಿಂದ ಬರಲು ಹೇಳಿ ಅಂದರು.

ನಾನೇ ಹೇಳಿದೆ ಅವಳಿಗೆ. ಎಲ್ಲವನ್ನೂ ಹೇಳಬೇಕೆಂದೇ ಅವಳ ಕೋಣೆಗೆ ಹೋದವಳು. ಸೋಮವಾರ ಬಾ ಎಂದದ್ದಷ್ಟೇ ಕೇಳಿ ಅವಳು ನೆಲದ ಮೇಲೆ ಕೂತು ಅಳತೊಡಗಿದಳು. ಉಳಿದದ್ದನ್ನು ಹೇಳದೆ ಮನೆಗೆ ಬಂದೆ.


ಜೂನ್ 25, ಮಂಗಳವಾರ

ಎರಡು ದಿನವಾಯಿತು ಅವಳು ಬಂದು. ಉದ್ದಕ್ಕ ಆಗಲೇ ಅವಳ ಪಕ್ಷ.

“ಇಂಥ ತಂಗೀನ ಎಲ್ಲಿ ಬಚ್ಚಿಟ್ಟಿದ್ದೆ?”

ಟ್ರಾಲಿಯವನು ಬೇಕಾಬಿಟ್ಟಿ ತಟ್ಟೆ ಕುಕ್ಕಿದ. ಹಿಂದಿನ ಕಾಲವಾಗಿದ್ದರೆ ಅವನ ಏಳು ತಲೆಮಾರು ಜಾಲಾಡುತ್ತಿದ್ದಳು. ನಾನು ಕಾದೆ. ನಿಜ ಬರೆಯಬೇಕು, ಆಸೆಯಿಂದ ಕಾದೆ. ಅವಳ ಕತ್ತಿನ ನರ ಉಬ್ಬಿತು. ಕಣ್ಣು ಮುಚ್ಚಿದಳು, ನೀರಿನಲ್ಲಿ ಕೈ ಇಟ್ಟುಕೊಂಡೇ ನಿಂತಳು. ಆಮೇಲೆ, “ಇನ್ನಷ್ಟು ಮೆಲ್ಲಗೆ ಇಡಪ್ಪ, ಒಡೆದರೆ ಇಬ್ಬರಿಗೂ ಬೈಗುಳ” ಅಂದಳು.

ಅದು ನಾಟಕವಲ್ಲ. ನಾಟಕದಲ್ಲಿ ಅಷ್ಟು ಕಷ್ಟ ಕಾಣುವುದಿಲ್ಲ.

ಸೀರಿಯಲ್‌ನಲ್ಲಿ ಸಿಡುಕ ಗಿರಾಕಿಗಳ ಮುಂದೆ ಕೈಮುಗಿದು ಕ್ಷಮೆ ಕೇಳಿದ. ಅಮ್ಮನೂ ಅತ್ತಳು ಇವತ್ತು. ನನಗೆ ಅಳು ಬರಲಿಲ್ಲ.


ಜೂನ್ 28, ಶುಕ್ರವಾರ. ಎಂಟಕ್ಕೆ ಹತ್ತು ನಿಮಿಷವಿದೆ

ಇವತ್ತು ಸೀರಿಯಲ್ ಕಡೆಯ ಕಂತು. ಬೀದಿಯಲ್ಲಿ ಎಲ್ಲ ಮನೆಯಲ್ಲೂ ಬೇಗ ಊಟ. ಇವರು ಕೂಡ ಮೆಷಿನ್ ಮುಚ್ಚಿ ಕುರ್ಚಿ ಹಾಕಿಕೊಂಡಿದ್ದಾರೆ.

ಸಂಜೆ ಅಮ್ಮನ ಬೆನ್ನು ಒರೆಸುತ್ತಿದ್ದೆ. ತಾನಾಗಿಯೇ ಶುರು ಮಾಡಿದಳು.

“ಅವಳು ಹೇಳಿದಳು. ನೀನು ಮೇಡಂ ಹತ್ತಿರ ಹೋಗಿ ಮಾತಾಡಿದ್ದಕ್ಕೇ ಕೆಲಸ ಸಿಕ್ಕಿತಂತೆ.”

“ಹೂಂ.”

“ಅವಳು ಬಂದಾಗ ನನಗೆ ನಿನ್ನದೇ ಹೆದರಿಕೆ ಕಣೆ. ಎಲ್ಲಿ ಬಾಗಿಲಿಂದಲೇ ಅಟ್ಟುತ್ತಾಳೋ ಅಂತ. ನೀನು ಅಂಥವಳೇ ಇದ್ದೆ, ಬೇಜಾರು ಮಾಡ್ಕೋಬೇಡ. ಬಹಳ ಬದಲಾಗಿದ್ದೀಯ ಮಗಳೇ.”

ನಾನು. ನಾನು ಬದಲಾಗಿದ್ದೇನಂತೆ. ಹಾದಿ ತಪ್ಪಿದವಳು ಅವಳು, ತಿದ್ದಿಕೊಂಡವಳು ನಾನಂತೆ. ಮೈಯೆಲ್ಲ ಉರಿಯಿತು. ಆಮೇಲೆ ಅಮ್ಮ ಒದ್ದೆ ಬಟ್ಟೆ ಹಿಡಿದ ನನ್ನ ಕೈಯನ್ನು ಹಾಗೇ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಅಂಥದ್ದು ಯಾವತ್ತೂ ಮಾಡಿದವಳಲ್ಲ. ಅದಕ್ಕಾಗಿ ಎಷ್ಟು ವರ್ಷ ಕಾದಿದ್ದೆನೋ. ಬಂದೇ ಬಂತು, ಅದೂ ನನ್ನದಲ್ಲದ ಲೆಕ್ಕದಲ್ಲಿ. ಟ್ರಾಲಿ ತಳ್ಳಿಕೊಂಡು ಓಡಿದವಳ ಕೈ ಅದು ಎಂದು ಅವಳಿಗೆ ಗೊತ್ತಿಲ್ಲ.

ಸುಮ್ಮನಿದ್ದುಬಿಡಬಹುದು. ಕೆಲಸ ಸಿಕ್ಕಿದೆ, ಅಮ್ಮ ಸಂತೋಷವಾಗಿದ್ದಾಳೆ, ಯಾರಿಗೆ ನಷ್ಟ. ದೇವರ ಮುಂದೆ ಕೂತು ಹಾಗೇ ಕೇಳಿದೆ. ದೇವರು ಏನೂ ಅನ್ನಲಿಲ್ಲ. ಅವನದು ಯಾವಾಗಲೂ ಅದೇ ಉತ್ತರ.

ಇವತ್ತೂ ಒಳಗೇ ಇಟ್ಟುಕೊಂಡರೆ ನಾಳೆ ಆ ಕೈಯನ್ನು ಇನ್ನೊಮ್ಮೆ ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಆಮೇಲೆ ನನಗೆ ಹೇಳಲಾಗುವುದಿಲ್ಲ.

ತಂಗಿ ಕರೆಯುತ್ತಿದ್ದಾಳೆ. “ಅಕ್ಕ, ಬಾರೆ, ಶುರುವಾಯ್ತು. ಇಲ್ಲಿ ಜಾಗ ಬಿಟ್ಟಿದ್ದೀನಿ.” ಹಾಡು ಕೇಳುತ್ತಿದೆ. ಹೋದ ಕೂಡಲೇ ಟಿವಿ ಆರಿಸುತ್ತೇನೆ. ಮೂವರೂ ಮೈಮೇಲೆ ಬೀಳುತ್ತಾರೆ, ಬೀಳಲಿ. ಅಮ್ಮನ ಎದುರಿಗೇ ಹೇಳುತ್ತೇನೆ. ಮೊದಲು ಟಿವಿ. ಆಮೇಲೆ ಅವಳ ಕಡೆ ತಿರುಗಿ, ಆವತ್ತು ಮೇಡಂ ನಿನ್ನ ಬಗ್ಗೆ ಕೇಳಿದಾಗ ನಾನು ಅರ್ಧ ನಿಜವಷ್ಟೇ ಹೇಳಿದೆ, ನಿನಗೆ ಕೆಲಸ ಸಿಗಬಾರದು ಎಂದೇ ಹೇಳಿದೆ ಎನ್ನುತ್ತೇನೆ.