ಎಡಗಣ್ಣಿನ ಹಳದಿ

ಶುಕ್ರವಾರ, ಸಂಜೆ

ನನ್ನ ಚೂಟಿಗೆ,

ಅಮ್ಮನ ನೂರು ಮುತ್ತುಗಳು. ನಿನ್ನ ಕಾಗದ ಮೊನ್ನೆಯೇ ಬಂತು. ಓದಿ ಮಡಿಸಿಟ್ಟೆ, ಮತ್ತೆ ತೆಗೆದು ಓದಿದೆ. ಉತ್ತರ ಬರೆಯೋಣವೆಂದು ಎದ್ದವಳು ಮೊದಲು ಒಲೆಯ ಕಟ್ಟೆ ಒರೆಸಿದೆ, ಆಮೇಲೆ ಇರುವ ಎರಡು ಜೊತೆ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಟ್ಟೆ. ಈ ಒಂದು ಕೋಣೆಯ ಮನೆಯಲ್ಲಿ ಇನ್ನು ಮಾಡಲು ಏನೂ ಉಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಣ್ಣ ಸಂಗತಿಗಳು. ನನ್ನ ಕೆಮ್ಮು ಹೋಗಿದೆ. ನೀನು ಕೈಯಾರೆ ಮಾಡಿ ಕಳಿಸಿದ ಸ್ಟೂಲು ಕಿಟಕಿಯ ಪಕ್ಕದಲ್ಲಿದೆ, ಈಗಲೂ ಅದರ ಮೇಲೇ ಕೂತಿದ್ದೇನೆ. ನಮ್ಮ ಕೃತಕ ಕಣ್ಣಿನ ಕೇಂದ್ರದಲ್ಲಿ ಫೋನು ಎತ್ತುವ ಹೆಂಗಸು ಗಡುಸು, ಮಾತು ಮುಖಕ್ಕೆ ಹೊಡೆದ ಹಾಗಿರುತ್ತದೆ ಅಂತ ದೂರಿದ್ದೀಯ. ಇಡೀ ದಿನ ಕಂಡಕಂಡವರಿಗೆ ಉತ್ತರ ಹೇಳುವವರ ಗಂಟಲು ಹಾಗಾಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇನ್ನು ದೊಡ್ಡ ಸಂಗತಿ. ಸೋಮವಾರ ವಿಮಾ ಕಚೇರಿಗೆ ರಾಜೀನಾಮೆ ಕೊಟ್ಟು, ಮರಗೆಲಸ ಕಲಿಯಲು ಸೇರುತ್ತೇನೆ ಅಂತ ಬರೆದಿದ್ದೀಯ. ಅಷ್ಟೇ ಬರೆದಿದ್ದರೆ ಒಳ್ಳೆಯದಾಗಲಿ ಅಂತ ಹರಸಿ ಸುಮ್ಮನಾಗುತ್ತಿದ್ದೆ. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, "ಈ ವಯಸ್ಸಲ್ಲಿ ನೀನೇ ನಿನ್ನ ದಾರಿ ಕಂಡ್ಕೊಂಡೆ ಅಂದ್ಮೇಲೆ ನಂಗೇನಮ್ಮ ಭಯ?" ಅಂತ. ಆ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿದೆ. ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ.

ನಾನು ದಾರಿ ಕಂಡುಕೊಂಡ ಕಥೆ ನಿನಗೆ ಬಾಯಿಪಾಠ. ಆದರೂ ಇನ್ನೊಮ್ಮೆ ಹೇಳುತ್ತೇನೆ, ಈ ಸಲ ಪೂರ್ತಿ.

ವಿದ್ಯುತ್ ಕಚೇರಿಯ ವಿಚಾರಣೆಯ ಕಿಟಕಿಯಲ್ಲಿ ನಾನು ಅರ್ಧ ಆಯುಸ್ಸು ಕಳೆದೆ. ಕರೆಂಟು ಯಾವಾಗ ಬರುತ್ತದೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಇನ್ನೊಂದು ಧ್ವನಿಯೇ ಬೆಳೆದುಬಿಟ್ಟಿತ್ತು. ನೀನು ಚಿಕ್ಕವಳಿದ್ದಾಗ ಒಂದು ದಿನ ಶಾಲೆಯಿಂದ ಬಂದು ಕಚೇರಿಗೆ ಫೋನು ಮಾಡಿ, ನನ್ನ ಹಲೋ ಕೇಳಿ, "ನೀವು ಬೇಡ, ನಮ್ಮಮ್ಮಂಗೆ ಕೊಡಿ" ಅಂತ ಅತ್ತಿದ್ದೆ. ನಾನು ಒಂದು ನಿಮಿಷ ಇರಿ ಅಂತ ಹೇಳಿ, ಉಗುಳು ನುಂಗಿ, ಅಮ್ಮನಾಗಿ ಮತ್ತೆ ಮಾತಾಡಿದ್ದೆ. ಅದನ್ನು ನೆನೆದು ನಾವಿಬ್ಬರೂ ಎಷ್ಟು ಸಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೋ. ನೀನು ಪೂರ್ತಿ ನಗುತ್ತಿದ್ದೆ, ನಾನು ಮುಕ್ಕಾಲು ಪಾಲು.

ನಿಮ್ಮಪ್ಪ ತೀರಿಕೊಂಡು, ನೀನು ದುಡಿಯಲು ಶುರುಮಾಡಿ, ಮನೆಯ ಭಾರ ಇಳಿದ ಮೇಲೆ ನೀನೇ ನನ್ನನ್ನು ಆ 'ನಿಮ್ಮನ್ನು ನೀವು ಅರಿಯಿರಿ' ಶಿಬಿರಕ್ಕೆ ತಳ್ಳಿದೆ. ಮೈಕು ಹಿಡಿದಿದ್ದ ಮನುಷ್ಯ, ಕಣ್ಣು ಮುಚ್ಚಿ ನಿಮಗೆ ಒಪ್ಪುವ ಕೆಲಸ ಯಾವುದೆಂದು ಒಳಗೇ ನೋಡಿಕೊಳ್ಳಿ ಅಂದ. ನಾನು ಕಣ್ಣು ಮುಚ್ಚಿ ಸೊಗಸಾಗಿ ನಿದ್ದೆ ಮಾಡಿದೆ. ನನಗೆ ಕಾಣಬೇಕಾದದ್ದು ಕಂಡದ್ದು ಆಮೇಲೆ, ಕಚೇರಿಯ ಗೆಳತಿ ತನ್ನ ಗಂಡನಿಗೆ ಕೃತಕ ಕಣ್ಣು ಮಾಡಿಸಲು ಹೊರಟಾಗ ಜೊತೆಗೆ ಈ ಕೇಂದ್ರಕ್ಕೆ ಬಂದೆನಲ್ಲ, ಆಗ. ತಟ್ಟೆಯಲ್ಲಿ ಬಣ್ಣ ಒಣಗಲು ಇಟ್ಟ ಪುಟ್ಟ ಪುಟ್ಟ ಬಿಲ್ಲೆಗಳು, ಒಂದೊಂದೂ ಒಬ್ಬೊಬ್ಬರ ಕಣ್ಣು. ಕಣ್ಣು ಮಾಡುವ ಮೇಷ್ಟ್ರು ಕೆಂಪು ರೇಷ್ಮೆ ದಾರದಿಂದ ಕೂದಲಿಗಿಂತ ತೆಳ್ಳಗಿನ ಎಳೆ ಬಿಡಿಸಿ ಬಿಳಿಯ ಭಾಗದ ಮೇಲೆ ನರಗಳಂತೆ ಕೂರಿಸುತ್ತಿದ್ದರು. ನಾನು ನಿಂತಲ್ಲೇ ನಿಂತೆ. ಗೆಳತಿ ಮೂರು ಸಲ ಕರೆದಳಂತೆ, ನನಗೆ ಕೇಳಿಸಲಿಲ್ಲ.

ಆ ಸಂತೋಷ ಸುಳ್ಳಲ್ಲ, ಚೂಟಿ. ಕೆಲಸ ಬಿಟ್ಟು, ಮನೆ ಬಿಟ್ಟು ಇಲ್ಲಿಗೆ ಬಂದು ಮೇಷ್ಟ್ರ ಕೈಕೆಳಗೆ ಕೂತೆ. ಬೆಳಿಗ್ಗೆ ಕುಂಚ ಹಿಡಿದರೆ ಊಟದ ಹೊತ್ತು ಮೀರಿದ್ದು ಗೊತ್ತಾಗುತ್ತಿರಲಿಲ್ಲ. ಕೈ ನಡುಗುತ್ತಿರಲಿಲ್ಲ, ಬಣ್ಣ ಕೈಗೆ ಒಲಿದಿತ್ತು. ಮೇಷ್ಟ್ರು ಹೊಗಳುವವರಲ್ಲ, ಆದರೂ ಹೂಂ ಅನ್ನುತ್ತಿದ್ದರು. ನಿನಗೆ ನಾನು ಬರೆದ ಕಾಗದಗಳೆಲ್ಲ ಆ ಹೂಂ ಕಾಲದವು.

ಆಮೇಲಿನದ್ದನ್ನು ಬರೆದಿರಲಿಲ್ಲ.

ಗ್ರಂಥಾಲಯದಲ್ಲಿ ದುಡಿದು ನಿವೃತ್ತರಾದ ಒಬ್ಬ ಹೆಂಗಸು ಬಂದರು. ಬಲಗಣ್ಣು ಸೋಂಕಿನಿಂದ ಹೋಗಿತ್ತು. ಎದುರಿಗೆ, ಕಿಟಕಿಯ ಬೆಳಕಿಗೆ ಕೂರಿಸಿಕೊಂಡು, ಇರುವ ಎಡಗಣ್ಣನ್ನು ನೋಡಿ ನೋಡಿ ಬಲಗಣ್ಣನ್ನು ಬರೆಯಬೇಕು. ಅದೇ ನಮ್ಮ ಕೆಲಸ. ಅವರ ಎಡಗಣ್ಣು ದಣಿದಿತ್ತು. ಬಿಳಿಯ ಭಾಗ ಹಳದಿಗೆ ತಿರುಗಿತ್ತು, ಕರಿಗುಡ್ಡೆಯ ಅಂಚು ಮಾಸಿತ್ತು. ಅದನ್ನೆಲ್ಲ ನಾನು ಕಂಡೆ. ಹಳದಿಯನ್ನು ಕಲಸಿಯೂ ಇಟ್ಟುಕೊಂಡೆ. ಆದರೆ ಹಚ್ಚುವ ಹೊತ್ತಿಗೆ, ಪಾಪ, ಇಷ್ಟು ಬೇಡ ಅನ್ನಿಸಿತು. ಸ್ವಲ್ಪ ಒರೆಸಿದೆ. ಅಂಚನ್ನು ಸ್ವಲ್ಪ ತಿದ್ದಿದೆ. ಒಂದಿಷ್ಟು ಹೊಳಪು ಕೊಟ್ಟೆ. ಮುಗಿಸಿದಾಗ ನನ್ನ ಜನ್ಮದಲ್ಲೇ ಅಷ್ಟು ಚೆಂದದ ಕಣ್ಣು ಮಾಡಿರಲಿಲ್ಲ ಅನ್ನಿಸಿತು.

ಕಣ್ಣು ಹಾಕಿ ಕನ್ನಡಿ ಕೊಟ್ಟೆ. ಅವರ ಜೊತೆ ನಾದಿನಿಯೊಬ್ಬರು ಬಂದಿದ್ದರು. ಹತ್ತಿರ ಬಂದು, ತಲೆ ಅತ್ತಿತ್ತ ವಾಲಿಸಿ ನೋಡಿ, ಎಡಗಣ್ಣಿಗೆ ಬೆರಳು ತೋರಿಸಿ, "ಎಲ್ಲಾ ಚೆನ್ನಾಗಿದೆ, ಇದೊಂದು ಯಾಕೋ ಕಳೆಗೆಟ್ಟ ಹಾಗಿದೆ, ಇದನ್ನ ಸ್ವಲ್ಪ ಸರಿಮಾಡಿ" ಅಂದರು.

ಅದು ನಿಜವಾದ ಕಣ್ಣು.

ಗ್ರಂಥಾಲಯದಮ್ಮ ಮೊದಲು ನಕ್ಕರು. ನಗುತ್ತಲೇ ಕರವಸ್ತ್ರ ತೆಗೆದುಕೊಂಡರು. "ಇಷ್ಟು ದಿನ ಇಲ್ಲದ ಕಣ್ಣನ್ನ ಮರೆಮಾಡ್ತಿದ್ದೆ, ಇನ್ಮೇಲೆ ಇರೋದನ್ನ ಮರೆಮಾಡ್ಬೇಕು ಅಂತಾಯ್ತು" ಅಂದರು. ನೀರು ಬಂದದ್ದು ಎರಡು ಕಣ್ಣಲ್ಲೂ.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅದೇ ಕಣ್ಣನ್ನು ಮತ್ತೆ ಮಾಡಲು ಹೇಳಿದರು. ಮಾಡಿದೆ. ಈ ಸಲ ಹಳದಿ ಬಿಡಲೇಬಾರದು ಅಂತ ಹಲ್ಲು ಕಚ್ಚಿ ಹಚ್ಚಿದೆ. ಮಾರನೆಯ ದಿನ ಬೆಳಕಲ್ಲಿ ನೋಡಿದರೆ ಮತ್ತೆ ಅದೇ ಚೆಂದದ ಕಣ್ಣು. ನನ್ನ ಕೈ ಯಾವಾಗ ಒರೆಸಿತ್ತೋ ನನಗೇ ಗೊತ್ತಿಲ್ಲ. ಮೇಷ್ಟ್ರು ನನ್ನ ಹಳೆಯ ಮಾದರಿಗಳನ್ನೆಲ್ಲ ಹುಡುಕಿ ತಟ್ಟೆಯಲ್ಲಿಟ್ಟರು. ಎಲ್ಲವೂ ಹಾಗೇ. "ನಿನ್ನ ಕೈ ಚೆನ್ನಾಗಿದೆ ಕಣಮ್ಮ. ಆದ್ರೆ ನೀನು ಎದುರಿಗಿರೋರನ್ನ ನೋಡಲ್ಲ, ಅವರಿಗೆ ಒಳ್ಳೇದು ಮಾಡೋಕೆ ಹೋಗ್ತೀಯ. ಕೈಗೆ ಕಲಿಸ್ಬೋದು, ಇದನ್ನ ಹೇಗೆ ಕಲಿಸೋದೋ ನಂಗೆ ಗೊತ್ತಿಲ್ಲ" ಅಂದರು. ಆ ಕಣ್ಣನ್ನು ಅವರೇ ಬರೆದರು. ನಾನು ಪಕ್ಕದಲ್ಲಿ ಕೂತು ನೋಡಿದೆ. ಹಳದಿ ಹಳದಿಯಾಗಿಯೇ ಇತ್ತು, ಎಷ್ಟು ನಿಜವಾಗಿತ್ತೆಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಅವರು ನನ್ನನ್ನು ಮನೆಗೆ ಕಳಿಸಲಿಲ್ಲ. ಬೇರೆ ಕೆಲಸ ಕೊಟ್ಟಿದ್ದಾರೆ. ಅದು ಎಂಥದ್ದೆಂದು ಇನ್ನೊಮ್ಮೆ ಯಾವಾಗಲಾದರೂ ಹೇಳುತ್ತೇನೆ. ಕುಂಚ ಮುಟ್ಟದೆ ಮಳೆಗಾಲವಿಡೀ ಕಳೆಯಿತು. ಬಾಗಿಲ ಆಚೆಯಿಂದ ಬಣ್ಣದ ವಾಸನೆ ಬಂದರೆ ಈಗಲೂ ಕೈ ತಾನಾಗಿ ಮೇಲೇಳುತ್ತದೆ.

ಇಲ್ಲಿಗೆ ಬಂದದ್ದು ತಪ್ಪಾಯಿತು ಅನ್ನಿಸುತ್ತದೆಯೇ ಅಂದರೆ, ಇಲ್ಲ. ಅನ್ನಿಸಿದ್ದರೆ ಸುಲಭವಿತ್ತು, ಬೇಡ ಮಗಳೇ ಅಂತ ಎರಡು ಮಾತಲ್ಲಿ ಮುಗಿಸುತ್ತಿದ್ದೆ. ನನಗೆ ಬರುವ ಕೆಲಸವನ್ನು ಕಂಡರೆ ನನಗಾಗದು, ನನ್ನ ಜೀವದಂಥ ಕೆಲಸ ನನಗೆ ಬರದು. ನನ್ನನ್ನು ನಾನು ಅರಿತುಕೊಂಡದ್ದು ಇಷ್ಟೇ. ಇದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಆ ಮೈಕಿನವನು ಹೇಳಿಕೊಡಲಿಲ್ಲ.

ನಿನಗೆ ಮರಗೆಲಸ ಒಲಿಯುತ್ತದೆಯೇ ಅಂತ ನನ್ನನ್ನು ಕೇಳಬೇಡ. ನಿನ್ನ ಸ್ಟೂಲು ಬಂದಾಗ ಎಷ್ಟು ಹೊಗಳಿ ಬರೆದೆ, ನೆನಪಿದೆಯೇ? ಅದರ ಒಂದು ಕಾಲು ಗಿಡ್ಡ, ಚೂಟಿ. ಅಡಿಯಲ್ಲಿ ರಟ್ಟು ಮಡಿಸಿಟ್ಟು ಕೂರುತ್ತಿದ್ದೇನೆ. ಮೊದಲ ದಿನವೇ ಅದು ಅಲುಗಾಡಿತು, ನಾನು ರಟ್ಟು ಹುಡುಕಿದೆ, ಆಮೇಲೆ ಎಷ್ಟು ಗಟ್ಟಿಯಾಗಿದೆ ಅಂತ ನಿನಗೆ ಬರೆದೆ. ಸುಳ್ಳು ಹೇಳುತ್ತಿದ್ದೇನೆ ಅಂತ ಆಗ ಅನ್ನಿಸಲೇ ಇಲ್ಲ. ಅಷ್ಟರಿಂದ ನಿನಗೆ ಕೆಲಸ ಬರುವುದಿಲ್ಲ ಅನ್ನಲೂ ಆಗದು, ಕಲಿಯುವವರ ಮೊದಲ ಸ್ಟೂಲು ಅಲುಗಾಡಿಯೇ ತೀರುತ್ತದೇನೋ. ನನಗೆ ಗೊತ್ತಿಲ್ಲ. ಗೊತ್ತಿದ್ದವರನ್ನು, ನಿನ್ನ ಮೇಲೆ ಪ್ರೀತಿಯಿಲ್ಲದವರನ್ನು ಕೇಳು. ಸೋಮವಾರದ ಮೊದಲು ಕೇಳು. ನನ್ನನ್ನು ನೋಡಿ ಮಾತ್ರ ಧೈರ್ಯ ತಂದುಕೊಳ್ಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನನ್ನು ಎಂದೂ ಇದ್ದ ಹಾಗೆ ನೋಡಲಾಗದ
ಅಮ್ಮ

ಮತ್ತೆ, ಸೋಮವಾರ ಮಧ್ಯಾಹ್ನ: ಇದನ್ನು ಶನಿವಾರ ನಾನೇ ಬಂದು ನಿನ್ನ ಕೈಗೆ ಕೊಡಬೇಕೆಂದಿದ್ದೆ. ಬಸ್ ನಿಲ್ದಾಣದವರೆಗೂ ಹೋಗಿ ವಾಪಸು ಬಂದೆ. ಈಗ ತಾನೇ ನೀನು ಕೇಂದ್ರಕ್ಕೆ ಫೋನು ಮಾಡಿದೆ. ಆ ಗಡುಸು ಹೆಂಗಸೇ ಎತ್ತಿದಳು. ಮೇಷ್ಟ್ರು ನನಗೆ ಕೊಟ್ಟ ಬೇರೆ ಕೆಲಸ ಅದೇ, ಚೂಟಿ. ನೀನು ಅವಳಿಗೆ, "ನಮ್ಮಮ್ಮ ಕಣ್ಣು ಬರೀತಿದ್ರೆ ಕರೀಬೇಡಿ, ಕೈ ಅಲುಗುತ್ತೆ. ಮುಗಿದ್ಮೇಲೆ ಹೇಳಿ ಸಾಕು, ನಿಮ್ಮ ಮಗಳು ರಾಜೀನಾಮೆ ಕೊಟ್ಟು ಬಂದ್ಲು, ತುಂಬ ಖುಷಿಯಾಗಿದ್ದಾಳೆ ಅಂತ" ಅಂದೆ. ಒಂದು ನಿಮಿಷ ಇರಿ ಅಂತ ಹೇಳಿ, ಉಗುಳು ನುಂಗಿ, ಅಮ್ಮನಾಗಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. "ಸರಿ ಮೇಡಂ, ತಿಳಿಸ್ತೀನಿ" ಅಂದು ಫೋನು ಇಟ್ಟೆ.